ಕಡ್ಲಿಬೆಂಚಿಯ ನೆಲದ ಸದ್ದು

ಒಂದು ಹಕ್ಕಿಯನ್ನು ಉಳಿಸಲೆಂದು ನಾನು ಅದರ ಹೆಸರನ್ನು ಪಟ್ಟಿಯಿಂದ ತೆಗೆದೆ. ತೆಗೆಯಲು ಹಿಡಿದದ್ದು ಎರಡು ಸೆಕೆಂಡು. ಹೆಸರಿನ ಮುಂದೆ ಒಂದು ಚೌಕ, ಚೌಕದೊಳಗೆ ಒಂದು ಗುರುತು. ಬೆರಳಿಟ್ಟರೆ ಗುರುತು ಹೋಗುತ್ತದೆ. ಇನ್ನೊಂದು ಕೈಯಲ್ಲಿ ಚಹಾದ ಕಪ್ಪಿತ್ತು. ಅದನ್ನು ಕೆಳಗಿಡುವಷ್ಟು ದೊಡ್ಡ ಕೆಲಸವೆಂದು ಆಗ ನನಗೆ ಅನ್ನಿಸಿರಲಿಲ್ಲ.

ನನ್ನ ಹೆಸರು ಗಿರಿಜಾ ಹಡಪದ. ನೆಲದನಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಪಟ್ಟಿ ಕಾಯುವುದು ನನ್ನ ಕೆಲಸ. ಹದಿಮೂರು ವರ್ಷದ ಹಿಂದೆ ಯೋಜನೆ ಶುರುವಾದಾಗ ಪಟ್ಟಿ ಎಂಬುದೇ ಇರಲಿಲ್ಲ. ಪ್ರತಿ ಊರಿನ ಹೊರಗೆ ಒಂದೊಂದು ಆಲಿಸುವ ಕಂಬ ನೆಟ್ಟರು. ಆಳೆತ್ತರದ ಕಂಬ, ತಲೆಯ ಮೇಲೆ ಸೋಲಾರ್ ತಟ್ಟೆ, ಕುತ್ತಿಗೆಯ ಸುತ್ತ ನಾಲ್ಕು ಕಿವಿ. ಸುತ್ತಲಿನ ಹಕ್ಕಿ, ಕಪ್ಪೆ, ಕೀಟಗಳ ದನಿ ಕೇಳಿ ಯಾವುದು ಯಾವುದೆಂದು ಅದು ಬರೆದುಕೊಳ್ಳುತ್ತಿತ್ತು. ಜೊತೆಗೆ ಜನರೂ ತಾವು ಕಂಡದ್ದನ್ನು ಫೋನಿನಿಂದ ಕಳಿಸಬಹುದಿತ್ತು. ಕಳಿಸಿದರು ನೋಡಿ! ಮಿಕ್ಸರಿನ ಸದ್ದು ಮರಕುಟಿಗವೆಂದು ಬಂತು. ಟಿವಿ ಧಾರಾವಾಹಿಯ ನವಿಲುಗಳೆಲ್ಲ ನಮ್ಮ ಜಿಲ್ಲೆಯವಾದವು. ಒಬ್ಬ ಪುಣ್ಯಾತ್ಮ ಸೋಫಾದ ಮೇಲಿನ ಗೊಂಬೆ ಹುಲಿಯ ಫೋಟೋ ಕಳಿಸಿ, ಯಾಕೆ ಇನ್ನೂ ಒಪ್ಪಿಲ್ಲವೆಂದು ದಿನಕ್ಕೆರಡು ಸಲ ಫೋನ್ ಮಾಡಿದ.

ಹಾಗಾಗಿ ಪಟ್ಟಿ ಬಂತು. ಜಿಲ್ಲೆಯಲ್ಲಿ ಇರಬಹುದಾದ ಜೀವಿಗಳ ಹೆಸರು ಒಂದೆಡೆ. ಪಟ್ಟಿಯಲ್ಲಿದ್ದುದರ ದಾಖಲೆ ಒಳಕ್ಕೆ, ಇಲ್ಲದ್ದು ಹೊರಪೆಟ್ಟಿಗೆಗೆ. ಕಳಿಸಿದವರಿಗೆ ‘ಪಟ್ಟಿಯಲ್ಲಿಲ್ಲ. ಧನ್ಯವಾದಗಳು’ ಎಂಬ ಉತ್ತರ ತಾನಾಗಿಯೇ ಹೋಗುತ್ತದೆ. ಹೊರಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ. ತೆರೆಯಬೇಕೆಂದು ನಿಯಮವಿದೆ. ನಿಯಮ ಬರೆದವಳೂ ನಾನೇ.

ಕೆಲ ವರ್ಷಗಳಲ್ಲಿ ಸರಕಾರಕ್ಕೆ ಈ ಪಟ್ಟಿ ಬಹಳ ಹಿಡಿಸಿತು. ರಸ್ತೆ, ಕಾಲುವೆ, ಟವರ್ ಲೈನು, ಏನೇ ಬರಲಿ, ಆ ಜಾಗದಲ್ಲಿ ಏನಿದೆ ಎಂದು ನೆಲದನಿಯನ್ನು ಕೇಳಿದರಾಯಿತು. ಯಂತ್ರ ‘ಇದೆ’ ಅಂದರೆ ವಿಚಾರಣೆ, ‘ಇಲ್ಲ’ ಅಂದರೆ ಅನುಮತಿ. ಇಷ್ಟು ಸಲೀಸಾದ ವ್ಯವಸ್ಥೆ ತಂದದ್ದಕ್ಕೆ ನಮಗೆಲ್ಲ ಒಂದು ಪ್ರಶಸ್ತಿಯನ್ನೂ ಕೊಟ್ಟರು.

ಇನ್ನು ಮಾಬುಸಾಬರ ವಿಷಯ. ಮಾಬುಸಾಬ ನದಾಫ್ ಸರಕಾರಿ ಬಸ್ಸಿನ ಕಂಡಕ್ಟರ್. ಅವರ ಬಸ್ಸಿನ ಕೊನೆಯ ನಿಲ್ದಾಣ ಕಡ್ಲಿಬೆಂಚಿ. ಬೆಳಗ್ಗೆ ಆರೂ ಹತ್ತಕ್ಕೆ ಅಲ್ಲಿ ತಲುಪಿ, ಬ್ಯಾಟರಿ ತುಂಬಿಸಿಕೊಂಡು ಆರೂ ಐವತ್ತಕ್ಕೆ ವಾಪಸು ಹೊರಡುತ್ತದೆ. ಆ ನಲವತ್ತು ನಿಮಿಷ ಡ್ರೈವರ್ ಸೀಟಿನಲ್ಲೇ ಗೊರಕೆ ಹೊಡೆದರೆ, ಮಾಬುಸಾಬರು ಕಾವಲಿನ ಕಡೆ ನಡೆಯುತ್ತಿದ್ದರು. ಎರೆನೆಲದ ಮಧ್ಯೆ ಉಳಿದುಕೊಂಡಿದ್ದ ಆರುನೂರು ಎಕರೆ ಹುಲ್ಲುಗಾವಲು ಅದು. ನಮ್ಮ ಕಂಬ ಅದರ ಅಂಚಿನಲ್ಲಿತ್ತು.

ಆ ಕಾವಲಿನಲ್ಲಿ ಒಂದು ಎರೆಭೂತ ಇತ್ತು. ಸೊಂಟದೆತ್ತರದ ಹಕ್ಕಿ, ಬಿಳಿ ಕುತ್ತಿಗೆ, ತಲೆಯ ಮೇಲೆ ಕಪ್ಪು ಟೊಪ್ಪಿಗೆ. ಮಳೆಗಾಲದಲ್ಲಿ ಗಂಡು ಕೊರಳ ಚೀಲ ಉಬ್ಬಿಸಿ, ಬಾಲ ಬೆನ್ನಿಗೇರಿಸಿ, ಹುಮ್ಮ್ ಎಂದು ಹೆಣ್ಣನ್ನು ಕರೆಯುತ್ತದೆ. ಕಿವಿಗಿಂತ ಮೊದಲು ಎದೆಗೆ ಕೇಳುವ ಸದ್ದು. ಇಡೀ ಜಿಲ್ಲೆಯಲ್ಲಿ ಇದ್ದದ್ದು ಅದೊಂದೇ. ಕರೆದದ್ದಕ್ಕೆ ಯಾವ ಹೆಣ್ಣೂ ಬರಲಿಲ್ಲ. ಆದರೂ ಪ್ರತಿ ಮಳೆಗಾಲ ಅದೇ ಜಾಗದಲ್ಲಿ ನಿಂತು ಕರೆಯುತ್ತಿತ್ತು.

ಆಗ ಕಂಬದ ಹತ್ತಿರ ಬಾಯಿಮಾತಿನಲ್ಲಿ ಹೇಳಿಕೆ ಕೊಡುವ ಪದ್ಧತಿಯಿತ್ತು. ಫೋನಿನಲ್ಲಿ ಬರೆಯಲು ಬಾರದವರಿಗಾಗಿ ಮಾಡಿದ್ದು. ತಾರೀಖು, ಹೊತ್ತು, ಏನು ಕಂಡಿತು, ಎಷ್ಟು ಎಂದು ಗಟ್ಟಿಯಾಗಿ ಹೇಳಿದರೆ ಕಂಬ ಬರೆದುಕೊಳ್ಳುತ್ತಿತ್ತು. ಮೊದಲ ತರಬೇತಿಯಲ್ಲಿ ನಾನೇ ಹೇಳಿಕೊಟ್ಟಿದ್ದೆ. ಕಂಡರೆ ಕಂಡಿತು ಅನ್ನಿ, ಕಾಣದಿದ್ದರೆ ಇಲ್ಲ ಅನ್ನಿ, ಇಲ್ಲ ಎನ್ನುವುದೂ ಮಾಹಿತಿಯೇ. ಉಳಿದವರು ಚಹಾ ಬಂತೋ ಎಂದು ಬಾಗಿಲು ನೋಡುತ್ತಿದ್ದರು. ಮಾಬುಸಾಬರು ಮಾತ್ರ ಟಿಕೆಟ್ ಪುಸ್ತಕದ ಹಿಂದೆ ಅದನ್ನು ಬರೆದುಕೊಂಡರು.

ಮೂರು ವರ್ಷದ ಹಿಂದೆ ಆಷಾಢದಲ್ಲಿ ಅವರ ಫೋನು ಬಂತು.

“ಅಕ್ಕಾರ, ಜೀಪು ಬಂದಾವ್ರಿ ಮೂರು. ಫೋಟೋ ತಗಿಯಾಕ ಬಂದೋರು. ಹಕ್ಕಿ ಹಿಂದ ಜೀಪು ಓಡಸಾಕತ್ಯಾರ. ನಿನ್ನಿಯಿಂದ ಅದು ಕೂಗೇ ಇಲ್ಲ.”

“ಅವರಿಗೆ ಹೆಂಗ ಗೊತ್ತಾತು?”

“ನಿಮ್ಮ ಪಟ್ಟಿ ನೋಡಿ ಬಂದೇವಿ ಅಂತಾರ್ರಿ.”

ನಿಜವೇ. ಪಟ್ಟಿಯಲ್ಲಿರುವ ಯಾವ ಜೀವಿ ಎಲ್ಲಿ ಕಂಡಿತೆಂದು ಯಾರು ಬೇಕಾದರೂ ನೋಡಬಹುದಿತ್ತು. ಅಪರೂಪದ ಜೀವಿಯ ಜಾಗ ಮರೆಮಾಡಲು ಒಂದು ದಾರಿಯಿತ್ತು. ಅರ್ಜಿ ಹಾಕಬೇಕು, ಸಮಿತಿ ಸೇರಬೇಕು, ಆರು ತಿಂಗಳು ಕಾಯಬೇಕು. ಹೆಸರನ್ನೇ ತೆಗೆಯುವುದು ನನ್ನ ಬೆರಳಿನಲ್ಲೇ ಇತ್ತು. ಹೆಸರು ಹೋದರೆ ದಾಖಲೆ ಹೊರಪೆಟ್ಟಿಗೆಗೆ ಹೋಗುತ್ತದೆ, ಜೀಪಿನವರ ಕಣ್ಣಿಗೆ ಬೀಳುವುದಿಲ್ಲ. ಒಂದೇ ಮಳೆಗಾಲದ ಮಟ್ಟಿಗೆ ಎಂದುಕೊಂಡು ತೆಗೆದೆ. ಮಾಬುಸಾಬರಿಗೆ ಹೇಳಿದಾಗ ಅವರು ಭೇಷ್ ಮಾಡಿದಿರಿ ಎಂದರು. ಜೀಪು ಬರುವುದು ನಿಂತಿತು, ಹಕ್ಕಿ ಮತ್ತೆ ಕೂಗಿತು. ನಾವಿಬ್ಬರೂ ಕಳ್ಳರ ಹಾಗೆ ಖುಷಿಪಟ್ಟೆವು.

ಮತ್ತೆ ಹಾಕಲಿಲ್ಲ. ಹಾಕಿದರೆ ಯಾಕೆ ತೆಗೆದಿದ್ದಿರಿ ಎಂದು ಕೇಳುತ್ತಾರೆ. ಇವತ್ತು, ನಾಳೆ ಎನ್ನುತ್ತ ವರ್ಷ ಕಳೆಯಿತು. ಎರಡನೇ ವರ್ಷ ಮೂವತ್ತೊಂದು ಫೈಲುಗಳ ಕಟ್ಟು ನನ್ನ ಮೇಜಿಗೆ ಬಂತು. ವಿದ್ಯುತ್ತಿನ ಟವರ್ ಲೈನು ಹಾಯುವ ಜಾಗಗಳು. ಸರ್ವೇ ನಂಬರುಗಳಿದ್ದವು, ಊರ ಹೆಸರಿರಲಿಲ್ಲ. ಎಲ್ಲದರಲ್ಲೂ ಯಂತ್ರ ‘ಇಲ್ಲ’ ಎಂದು ತುಂಬಿತ್ತು. ಮೂವತ್ತೊಂದಕ್ಕೂ ಸಹಿ ಹಾಕಿದೆ. ಅದರಲ್ಲೊಂದು ಕಡ್ಲಿಬೆಂಚಿಯ ಕಾವಲಿನ ಅಂಚು.

ಟವರ್ ಎದ್ದು ತಂತಿ ಎಳೆದ ಮೇಲೆ, ಹೋದ ಭಾದ್ರಪದದಲ್ಲಿ, ಮಾಬುಸಾಬರು ಇನ್ನೊಮ್ಮೆ ಫೋನ್ ಮಾಡಿದರು. “ಎಂಟು ದಿನ ಆತ್ರಿ ಅಕ್ಕಾರ, ಕಂಡಿಲ್ಲ.” ಅವು ಅಲೆಯುವ ಹಕ್ಕಿಗಳು, ಬರುತ್ತದೆ ಬಿಡಿ ಎಂದೆ. ಆಮೇಲೆ ಅವರು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ನನಗೆ ಭಯವಾಗಿತ್ತು.

*

ನಾನಿರುವುದು ನನ್ನ ಅಕ್ಕ ನೀಲವ್ವನ ಜೊತೆ. ಮೂವತ್ತು ವರ್ಷ ನರ್ಸ್ ಆಗಿದ್ದವಳು. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಮನಸ್ಸು ಬಂದಾಗ ಕೇಳುತ್ತದೆ. ಬೆಳಗ್ಗೆ ರೊಟ್ಟಿ ಬಡಿಯುವಾಗ ನೆಲದನಿಯ ಯಾವುದಾದರೂ ಕಂಬದ ನೇರ ದನಿ ಹಾಕಿಕೊಳ್ಳುವುದು ಅವಳ ರೂಢಿ. ರೇಡಿಯೋಕ್ಕಿಂತ ವಾಸಿ, ಜಾಹೀರಾತಿಲ್ಲ ಅನ್ನುತ್ತಾಳೆ.

ಶಿವರಾತ್ರಿ ಕಳೆದು ನಾಲ್ಕನೆಯ ದಿನ. ಅವಳು ಕಡ್ಲಿಬೆಂಚಿಯ ಕಂಬ ಹಾಕಿದ್ದಳು. ನಾನು ತಲೆ ಬಾಚಿಕೊಳ್ಳುತ್ತಿದ್ದೆ. ರೊಟ್ಟಿಯ ಸಪ್ಪಳ ನಿಂತಿತು.

“ಗಿರಿಜಾ, ಬಾ ಇಲ್ಲೆ. ಈ ಡಬ್ಬಿ ಮ್ಯಾಗ ಕೈ ಇಡು.”

ಸ್ಪೀಕರಿನ ಮೇಲೆ ಅವಳ ಹಿಟ್ಟಿನ ಅಂಗೈ ಇತ್ತು. ನಾನೂ ಇಟ್ಟೆ. ಮೊದಲು ಗಾಳಿ, ಯಾವುದೋ ನೆಲಗುಬ್ಬಿ. ಆಮೇಲೆ ಅಂಗೈ ನಡುಗಿತು. ಹುಮ್ಮ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹುಮ್ಮ್.

ಬಾಚಣಿಗೆ ಕೂದಲಲ್ಲೇ ಉಳಿಯಿತು. ನಾನು ಅಳುತ್ತಿದ್ದೆ. ಬದುಕಿದೆ, ನಾನು ಕೊಂದಿಲ್ಲ ಎಂಬುದಷ್ಟೇ ತಲೆಯಲ್ಲಿತ್ತು. ಶಿವರಾತ್ರಿಯಲ್ಲಿ ಎರೆಭೂತ ಕೂಗುವುದಿಲ್ಲ ಎನ್ನುವುದು, ಪಟ್ಟಿ ಕಾಯುವ ನನಗೆ, ಆಗ ನೆನಪಾಗಲಿಲ್ಲ.

ಕಾವಲಿನ ನಟ್ಟನಡುವೆ ಹಾಯುವ ಎರಡನೇ ಲೈನಿನ ಫೈಲು ಆ ವಾರವೇ ಹೊರಡುವುದಿತ್ತು. ಆಫೀಸಿಗೆ ಓಡಿ ಮೊದಲು ಮಾಡಿದ ಕೆಲಸ, ಆ ಹೆಸರಿನ ಮುಂದೆ ಗುರುತು ಹಾಕಿದ್ದು. ಹಾಕಿದ ಕೂಡಲೇ ಹೊರಪೆಟ್ಟಿಗೆಯಲ್ಲಿ ಬಿದ್ದಿದ್ದ ಎರೆಭೂತದ ದಾಖಲೆಗಳೆಲ್ಲ ಒಂದರ ಹಿಂದೊಂದು ಒಳಗೆ ಬಂದವು. ಗಾಳಿ, ಹುಲ್ಲಿನ ಜೊತೆ ನೆಲದ ಸದ್ದು ಎಂದು ಬದಿಗಿಟ್ಟಿದ್ದ ಕೂಗುಗಳಿಗೂ ಯಂತ್ರ ಹೆಸರು ಹಚ್ಚಿತು. ಮೂರು ಮಳೆಗಾಲ ಮಾಬುಸಾಬರು ಫೋನಿನಿಂದ ಕಳಿಸಿದ್ದವು, ಕಂಬ ಕೇಳಿದ್ದವು, ಮತ್ತು ಇತ್ತೀಚಿನ ಆರು ತಿಂಗಳಲ್ಲಿ ಕೇಳಿದ ನೂರಾ ನಲವತ್ತು ಮುಂಜಾವಿನ ಕೂಗುಗಳು. ಯಂತ್ರ ಕಡ್ಲಿಬೆಂಚಿಯ ಮುಂದೆ ‘ಇದೆ’ ಎಂದು ಬರೆಯಿತು. ಎರಡನೇ ಲೈನು ನಿಂತಿತು. ವಿಚಾರಣೆಗೆ ಒಂದು ತಿಂಗಳ ಗಡುವು ಬಿತ್ತು.

ಆ ರಾಶಿಯ ಮಧ್ಯೆ ಒಂದು ಫೋಟೋ ಇತ್ತು. ಕಳಿಸಿದವನು ಲೈನ್‌ಮನ್. ಭಾದ್ರಪದದ ಮೊದಲ ವಾರ. ಕಪ್ಪು ಮಣ್ಣಿನ ಮೇಲೆ ಹಕ್ಕಿ ಬಿದ್ದಿತ್ತು. ಒಂದು ರೆಕ್ಕೆ ತಿರುಚಿ ಬೆನ್ನಿನ ಕೆಳಗೆ ಹೋಗಿತ್ತು. ಗಾತ್ರ ತಿಳಿಯಲೆಂದು ಪಕ್ಕದಲ್ಲಿ ತನ್ನ ಹೆಲ್ಮೆಟ್ ಇಟ್ಟಿದ್ದ. ‘ದೊಡ್ಡ ಹಕ್ಕಿ. ತಂತಿ ಬಡದು ಸತ್ತೈತಿ. ಯಾವುದು ತಿಳಿಸಿರಿ’ ಎಂದು ಬರೆದಿದ್ದ. ನಮ್ಮ ಉತ್ತರವೂ ಕೆಳಗೇ ಇತ್ತು. ಪಟ್ಟಿಯಲ್ಲಿಲ್ಲ. ಧನ್ಯವಾದಗಳು.

ತುಂಬಾ ಹೊತ್ತು ಆ ಹೆಲ್ಮೆಟನ್ನೇ ನೋಡುತ್ತ ಕೂತೆ. ಆಮೇಲೆ ಒಂದು ವಿಚಾರ ಹೊಳೆಯಿತು. ಇದು ಸತ್ತದ್ದು ಭಾದ್ರಪದದಲ್ಲಿ, ಕೂಗುಗಳು ಅದರ ನಂತರದವು. ಹಾಗಾದರೆ ಇನ್ನೊಂದಿದೆ!

*

ಕಂಬಗಳ ಯಂತ್ರವಿದ್ಯೆ ನೋಡಿಕೊಳ್ಳುವವರು ಪ್ರಹ್ಲಾದ ಅರಕೇರಿ. ಮಾತು ಕಡಿಮೆ, ಅಡಿಕೆ ಜಾಸ್ತಿ. ಎರಡನೇ ಹಕ್ಕಿಯ ಸುದ್ದಿ ಹೇಳಿದಾಗ ಅವರು ಖುಷಿಪಡಲಿಲ್ಲ. ಕೂಗುಗಳನ್ನು ಪರದೆಯ ಮೇಲೆ ಸಾಲಾಗಿ ಹರವಿದರು.

“ಎಲ್ಲಾ ಆರೂ ಇಪ್ಪತ್ತರಿಂದ ಆರೂ ನಲವತ್ತರೊಳಗ ಅದಾವ, ನೋಡ್ರಿ. ಆಯಿತವಾರ ಒಂದೂ ಇಲ್ಲ. ಆಯಿತವಾರ ರಜಾ ತಗೊಳ್ಳೋ ಹಕ್ಕಿ ಎಲ್ಲೆರೆ ಕಂಡೀರೇನು?”

ಭಾನುವಾರ ಮಾಬುಸಾಬರಿಗೆ ವಾರದ ರಜೆ. ಆ ಹೊತ್ತಿಗೆ ಕಂಬದ ಹತ್ತಿರ ಇರುವವರು ಅವರೊಬ್ಬರೇ.

ಅರಕೇರಿ ಬಿಡಿಸಿ ಹೇಳಿದರು. ಐದು ವರ್ಷದ ಹಿಂದೆ ಕಾನೂನು ಬಂತು, ಕಂಬಗಳು ಜನರ ಮಾತನ್ನು ಕೇಳಿಸಿಕೊಳ್ಳಬಾರದೆಂದು. ಬಾಯಿಮಾತಿನ ಹೇಳಿಕೆ ಅಂದಿಗೆ ಮುಗಿಯಿತು. ಅಂದಿನಿಂದ ಮನುಷ್ಯರ ದನಿಯನ್ನು ಕಂಬ ತನ್ನೊಳಗೇ ಅಳಿಸುತ್ತದೆ. ಅಳಿಸಿದ ಕಡೆ ತೂತು ಬಿಟ್ಟರೆ ಎಣಿಕೆ ತಪ್ಪುತ್ತದೆ. ಅದಕ್ಕೆ ಹರಿದ ಅಂಗಿಗೆ ಅದೇ ಬಟ್ಟೆಯ ತೇಪೆ ಹಾಕಿದ ಹಾಗೆ, ಆ ಜಾಗದ ನೆಲದ ಸದ್ದಿನಿಂದ ಅಲ್ಲಿ ತುಂಬುತ್ತದೆ. ನೆಲದ ಸದ್ದು ಎಂದರೆ ಗಾಳಿ, ಹುಲ್ಲು, ದೂರದ ಪಂಪು. ಪಟ್ಟಿಯಲ್ಲಿರುವ ಜೀವಿಯ ದನಿ ಅದರಲ್ಲಿ ಸೇರುವುದಿಲ್ಲ. ಪಟ್ಟಿಯಲ್ಲಿಲ್ಲದ್ದು ಸೇರುತ್ತದೆ.

“ನೀವು ಹೆಸರು ತಗದ ಮ್ಯಾಲ ಅದರ ಕೂಗು ಕಂಬಕ್ಕ ಹಕ್ಕಿ ಅಲ್ಲ, ಗಾಳಿ ಇದ್ದಂಗ. ಮುಂಜಾನೆ ಒಬ್ಬ ಮನಷ್ಯಾ ಬಂದು ಮಾತಾಡ್ತಾನ, ಹಿಂದ ಇದು ಹುಮ್ಮ್ ಅಂತೈತಿ. ಮೂರು ಮಳಿಗಾಲ ಹಿಂಗ ನಡದೈತಿ. ಮಾತು ತಗದ್ರ ಅದರ ಕೆಳಗ ಆ ಸದ್ದು ಇರಬೇಕು ಅಂತ ಕಂಬ ಕಲತೈತಿ. ಈಗ ಹಕ್ಕಿ ಇಲ್ಲ. ಹೆಸರು ತಿರುಗಿ ಹಾಕಿದ್ರೂ ಕಂಬ ಕಲತದ್ದನ್ನ ಮರಿಯಂಗಿಲ್ಲ. ಆದ್ರ ಅಲ್ಲೆ ಯಾರು ಬಾಯಿ ತಗದ್ರೂ ಕಂಬ ಅದನ್ನ ತುಂಬತೈತಿ.”

“ಹಂಗಾದ್ರ ಅವರು ಏನು ಮಾತಾಡ್ಯಾರ? ಅದು ಎಲ್ಲೆರೆ ಉಳದೈತೇನು?”

“ಎಲ್ಲೂ ಇಲ್ಲ. ಕಂಬದಾಗೇ ಸುಟ್ಟು ಹೋಗಿರತೈತಿ.”

ಅಂದು ರಾತ್ರಿ ಊಟಕ್ಕೆ ಕೂತೆವು. ನೀಲಕ್ಕನಿಗೆ ಎಲ್ಲ ಹೇಳಿದೆ. ಅವಳು ಕೈತೊಳೆದು ಬಂದು ಎದುರು ಕೂತಳು.

“ಯಂತ್ರ ಐತಿ ಅಂದೈತಲ್ಲ?”

“ಅಂದೈತಿ. ಆದ್ರ ಸುಳ್ಳದು.”

“ಇರೋ ಹಕ್ಕೀನ ಇಲ್ಲ ಅಂತ ಬರದವಳು ನೀನು. ಈಗ ಇಲ್ಲದ ಹಕ್ಕಿ ಐತಿ ಅಂತೈತಿ. ಒಂದಕ್ಕೊಂದು ಸರಿ ಹೋತು. ಬಾಯಿ ಮುಚಗೊಂಡು ಕುಂದ್ರು. ಆ ನೆಲಾ ಆದ್ರೂ ಉಳೀಲಿ.”

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಆ ಕಾವಲಿನಲ್ಲಿ ಜಿಂಕೆಗಳಿದ್ದವು, ಕುರಿಗಾರರಿದ್ದರು, ಮಳೆಗಾಲದಲ್ಲಿ ಮೊಣಕಾಲೆತ್ತರ ಹುಲ್ಲು ಬರುತ್ತಿತ್ತು. ನಾನು ಸುಮ್ಮನಿದ್ದರೆ ಅಷ್ಟೂ ಉಳಿಯುತ್ತಿತ್ತು. ಸುಮ್ಮನಿರುವುದು ನನಗೇನೂ ಹೊಸ ಕೆಲಸವಲ್ಲ.

*

ಆದರೂ ಮಾಬುಸಾಬರಿಗೆ ಹೇಳದೆ ಇರಲಾಗಲಿಲ್ಲ. ಮರುದಿನ ಭಾನುವಾರ, ಅವರ ಮನೆಗೆ ಹೋದೆ. ಬಸ್ ಡಿಪೋದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಅವರ ಹೆಂಡತಿ ರಮಿಜಾಬಿ ಬಾಗಿಲು ತೆರೆದು, ನನ್ನನ್ನು ಗುರುತಿಸಿ, ಚಾಪೆ ಹಾಸಿದರು. ಮಾಬುಸಾಬರು ಚಹಾಪುಡಿ ತರಲು ಹೋಗಿದ್ದರು.

“ಬರ್ರಿ ಅಕ್ಕಾರ. ನಿಮ್ಮ ಕಂಬದ ಕೂಡ ನಾ ಒಂದೀಟು ಜಗಳಾ ಮಾಡಬೇಕಾಗೈತಿ” ಎಂದರು ನಗುತ್ತಲೇ. “ಮನ್ಯಾಗ ಹೂಂ ಅನ್ನಾಕ ಬಾಯಿ ಬರಂಗಿಲ್ಲ ಇವರಿಗೆ. ಮುಂಜಾನೆದ್ದು ಅದರ ಮುಂದ ನಿಂತು ಮಾತಾಡ್ತಾರಂತ. ಡ್ರೈವರ್ ಹೇಳಿದ. ನನಗಂತೂ ಅಂಜಿಕಿ ಬಂದೈತಿ.”

ಮಾಬುಸಾಬರು ಬಂದರು. ಆರು ತಿಂಗಳಲ್ಲಿ ಸೊರಗಿದ್ದರು. ಬಂದ ಕೆಲಸವೇನೆಂದು ಅವರು ಕೇಳಲಿಲ್ಲ. ನಾನೇ ಫೋಟೋ ತೆಗೆದು ಅವರ ಕೈಗೆ ಕೊಟ್ಟೆ. ಹೆಸರು ತೆಗೆದದ್ದರಿಂದ ಏನೇನಾಯಿತು, ಯಾವ ಕಾಗದಕ್ಕೆ ನಾನು ಸಹಿ ಹಾಕಿದೆ, ಎಲ್ಲವನ್ನೂ ಹೇಳಿದೆ. ಅವರು ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ತಿರುಚಿದ ರೆಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದರು.

“ನಾನೂ ಭೇಷ್ ಮಾಡಿದ್ರಿ ಅಂದಿದ್ನಲ್ರಿ” ಎಂದರು ಕೊನೆಗೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಮಾಬುಸಾಬರ, ಕಂಬದ ಮುಂದ ಏನು ಮಾತಾಡ್ತಿದ್ರಿ?”

ಅವರಿಗೆ ನಾಚಿಕೆಯಾಯಿತು. “ಹೇಳಿಕಿ ಕೊಡ್ತಿದ್ನಿರಿ. ಕಂಬ ಈಗ ಬರಕೊಳ್ಳಂಗಿಲ್ಲ ಅಂತ ಗೊತ್ತೈತಿ. ರೂಢಿ ಆಗಿಬಿಟ್ಟೈತಿ. ಐದು ವರ್ಷ ಬಿಡಲಿಲ್ಲ, ಈಗ ಹೆಂಗ ಬಿಡಲಿ?”

“ಆದ್ರ ಹಕ್ಕಿ ಇದ್ದಿಲ್ಲಲ್ಲ?”

“ಅದನ್ನ ಹೇಳ್ತಿದ್ದೆ. ತಾರೀಖು ಹೇಳೋದು, ಹೊತ್ತು ಹೇಳೋದು. ಎರೆಭೂತ, ಇವತ್ತೂ ಎಣಿಕಿ ಸೊನ್ನಿ. ಇಲ್ಲ. ಅಷ್ಟ. ಇಲ್ಲ ಅನ್ನೋದೂ ಮಾಹಿತಿನ ಅಂತ ನೀವ ಹೇಳಿದ್ರಲ್ರಿ.”

ನೂರಾ ನಲವತ್ತು ಮುಂಜಾವು ಈ ಮನುಷ್ಯ ಕಂಬದ ಮುಂದೆ ನಿಂತು ಇಲ್ಲ ಎಂದಿದ್ದರು. ನೂರಾ ನಲವತ್ತು ಸಲ ಕಂಬ ಆ ಮಾತನ್ನು ಅಳಿಸಿ, ಆ ಜಾಗದಲ್ಲಿ ಸತ್ತ ಹಕ್ಕಿಯ ಕೂಗನ್ನು ಇಟ್ಟಿತ್ತು. ಸರಕಾರದ ಪುಸ್ತಕದಲ್ಲಿ ಈಗ ಇರುವ ಪ್ರತಿಯೊಂದು ‘ಇದೆ’ಯೂ ಮಾಬುಸಾಬರ ಒಂದೊಂದು ‘ಇಲ್ಲ’. ಇದನ್ನು ಅವರಿಗೆ ಹೇಳಿದೆ.

ಅವರಿಗೆ ಮೊದಲು ನಂಬಿಕೆ ಬರಲಿಲ್ಲ. “ಕೇಳಸ್ರಿ” ಎಂದರು. ಫೋನಿನಲ್ಲಿ ಒಂದು ಮುಂಜಾವಿನದು ಹಾಕಿದೆ. ಗಾಳಿ. ಹುಮ್ಮ್. ಗಾಳಿ. ಹುಮ್ಮ್. ಅವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ತಾರೀಖಿಗೊಂದು, ಹೊತ್ತಿಗೊಂದು, ಹೆಸರಿಗೊಂದು. ಕೊನೆಯದು ಚಿಕ್ಕದು. ಇಲ್ಲ ಎನ್ನುವಷ್ಟು ಚಿಕ್ಕದು.

ರಮಿಜಾಬಿ ಒಲೆಯ ಹತ್ತಿರದಿಂದ ಎದ್ದು ಬಂದು ಗೋಡೆಗೆ ಒರಗಿ ನಿಂತಿದ್ದರು. “ಅದು ಅದನ ಐತಲ್ರಿ ದನಿ” ಎಂದರು ಮೆಲ್ಲಗೆ. ಒಮ್ಮೆ ಗಂಡನ ಜೊತೆ ಬಸ್ಸಿನಲ್ಲಿ ಹೋಗಿ ಕೇಳಿಸಿಕೊಂಡು ಬಂದಿದ್ದರಂತೆ.

“ಹೂಂ, ಅದನ” ಎಂದರು ಮಾಬುಸಾಬರು. “ಆದ್ರ ಇದು ಹೋದ ವರ್ಷದ್ದಲ್ಲ. ಅದರ ಹಿಂದಿನ ವರ್ಷದ್ದು. ಹೋದ ವರ್ಷ ದನಿ ಒಡದಿತ್ತು, ವಯಸ್ಸಾಗಿತ್ತು.”

ಹೇಳಲೇಬೇಕಾದ ಇನ್ನೊಂದು ಮಾತಿತ್ತು. “ಈ ಕೂಗಿನ ಮ್ಯಾಲ ಎರಡನೇ ಲೈನು ನಿಂತೈತಿ. ನಾ ಸುಮ್ಮನಿದ್ರ ಕಾವಲು ಉಳೀತೈತಿ. ನೀವು ದಿನಾ ಹೋಗಿ ನಿಮ್ಮ ಹೇಳಿಕಿ ಕೊಟ್ರ ಸಾಕು. ನಿಜ ಹೇಳಿದ್ರ ಲೈನು ಬರತೈತಿ.”

ಅವರು ಚಹಾದ ಕಪ್ಪನ್ನು ಬದಿಗೆ ಸರಿಸಿದರು.

“ಬರ್ಲಿ ಅಂತ ನಾ ಹೆಂಗ ಅನ್ನಲ್ರಿ? ಆ ಹುಲ್ಲಾಗ ಹನ್ನೊಂದು ವರ್ಷ ಕಾಲಾಡ್ಸೀನಿ. ಆದ್ರ ಅದು ಸತ್ತೈತಿ ಅಂತ ಯಾರರೆ ಒಬ್ರು ಬರೀಬೇಕಲ್ಲ? ಇದ್ದಾಗ ಇಲ್ಲ ಅಂದ್ವಿ. ಸತ್ತ ಮ್ಯಾಲ ಐತಿ ಅಂತೀವಿ. ಸತ್ತದ್ದೂ ಲೆಕ್ಕಕ್ಕ ಬರಲಿಲ್ಲ ಅಂದ್ರ, ಅದು ಇದ್ದದ್ದರೆ ಹೆಂಗ ಲೆಕ್ಕಕ್ಕ ಬಂದೀತು?” ಫೋಟೋವನ್ನು ತಿರುಗಿಸಿ ನನಗೆ ಕೊಟ್ಟರು. “ನನ್ನ ಇಲ್ಲ ನನಗ ವಾಪಸ್ ಕೊಡ್ರಿ ಅಕ್ಕಾರ. ಅದೊಂದು ಕೇಳ್ತೀನಿ.”

ನಾನು ಹೂಂ ಎಂದೆ. ಓಣಿ ದಾಟುವವರೆಗೂ ರಮಿಜಾಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿ ಏನಿತ್ತೋ ದಿಟ್ಟಿಸಿ ನೋಡುವ ಧೈರ್ಯ ನನಗೆ ಬರಲಿಲ್ಲ.

*

ಮೂರು ದಿನ ಹಿಡಿಯಿತು. ನೂರಾ ನಲವತ್ತು ‘ಇದೆ’ಗಳನ್ನು ಒಂದೊಂದಾಗಿ ತೆರೆದು, ಅದರ ಜಾಗದಲ್ಲಿ ‘ಇಲ್ಲ, ಎಣಿಕೆ ಸೊನ್ನೆ, ಕಂಡವರು ಮಾಬುಸಾಬ ನದಾಫ್’ ಎಂದು ಕೈಯಾರೆ ಬರೆದೆ. ಒಟ್ಟಿಗೆ ಬದಲಿಸುವ ಸೌಲಭ್ಯವಿದೆ, ಅರಕೇರಿ ತೋರಿಸಿದರು. ಬೇಡವೆಂದೆ. ಲೈನ್‌ಮನ್ನನ ಫೋಟೋವನ್ನು ಒಪ್ಪಿಕೊಂಡೆ. ಯಾವುದು ತಿಳಿಸಿರಿ ಎಂದು ಕೇಳಿದ್ದನಲ್ಲ, ಅವನಿಗೆ ಉತ್ತರ ಬರೆದೆ. ಆಮೇಲೆ ಪಟ್ಟಿ ತೆರೆದೆ. ಈ ಸಲ ಹೆಸರು ತೆಗೆಯಲಿಲ್ಲ. ಹೆಸರಿನ ಮುಂದೆ ‘ಅಳಿದಿದೆ’ ಎಂದು ಬರೆದು, ಅದು ಸತ್ತ ತಾರೀಖು ಹಾಕಿದೆ. ಆ ತಾರೀಖಿನ ನಂತರದ ಕೂಗುಗಳನ್ನು ಯಂತ್ರ ಎಣಿಸುವುದಿಲ್ಲ. ಹೇಗೆ ಅಳಿಯಿತು, ಯಾರಿಂದ ಅಳಿಯಿತು ಎಂಬುದನ್ನು ನಾಲ್ಕು ಪುಟ ಬರೆದು ಸಹಿ ಹಾಕಿ ಸಮಿತಿಗೆ ಕಳಿಸಿದೆ.

ಎಲ್ಲೋ ಒಂದು ಮೂಲೆಯಲ್ಲಿ ನನಗೆ ಆಸೆಯಿತ್ತು. ನಿಜ ಓದಿದವರು ಯಾರಾದರೂ ಒಬ್ಬರು, ಸತ್ತ ಹಕ್ಕಿಯ ಮರ್ಯಾದೆಗಾದರೂ ಆ ನೆಲ ಬಿಡೋಣ ಅಂದಾರು ಎಂದು. ವಿಚಾರಣೆ ಹನ್ನೆರಡು ನಿಮಿಷ ನಡೆಯಿತು. ನನ್ನನ್ನು ಕೆಲಸದಿಂದ ಅಮಾನತು ಮಾಡಿದರು, ಅದು ಸರಿಯೇ. ನಾಲ್ಕು ಪುಟವನ್ನು ಕಡತಕ್ಕೆ ಸೇರಿಸಿದರು. ಯಂತ್ರ ಕಡ್ಲಿಬೆಂಚಿಯ ಮುಂದೆ ‘ಇಲ್ಲ’ ಎಂದು ಬರೆಯಿತು. ಮೊದಲ ಸಲ ಅದು ನಿಜವೇ ಹೇಳಿತ್ತು.

ಲೈನಿನ ಕೆಲಸ ಯುಗಾದಿಯ ಮರುವಾರ ಶುರುವಾಯಿತು. ಕಂಬ ಕೀಳುವ ಆದೇಶ ಇನ್ನೂ ಬಂದಿರಲಿಲ್ಲ, ಅದರ ದನಿ ಎಂದಿನಂತೆ ಬರುತ್ತಿತ್ತು. ಕೆಲಸವಿಲ್ಲದ ನಾನು ಅಂದು ಬೆಳಗ್ಗೆ ನೀಲಕ್ಕನ ಪಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಡಬ್ಬಿಯ ಮೇಲೆ ಕೈಯಿಟ್ಟೆ.

ಆರೂ ಇಪ್ಪತ್ತಕ್ಕೆ ನಾಲ್ಕು ಕೂಗು, ಕೊನೆಯದು ಚಿಕ್ಕದು. ಮಾಬುಸಾಬರು ಬಂದು ಹೋದರೆಂದು ತಿಳಿಯಿತು. ಎಂಟು ಗಂಟೆಯ ಸುಮಾರಿಗೆ ಲಾರಿಗಳ ಸದ್ದು ಬಂತು. ಲಾರಿ ನಿಂತಿತು. ಆಮೇಲೆ ಒಂದು ಕೂಗಿತು. ಅದಕ್ಕೆ ಉತ್ತರವಾಗಿ ಇನ್ನೊಂದು. ಬಲಕ್ಕೆ ಎರಡು, ದೂರದಲ್ಲಿ ನಾಲ್ಕೈದು. ನೂರೈವತ್ತು ಜನ ಕೆಲಸಗಾರರಿದ್ದರಂತೆ. ಕಂಬಿ ಎತ್ತುವವರು ಒಬ್ಬರನ್ನೊಬ್ಬರು ಕರೆದರು, ಮೇಸ್ತ್ರಿ ಗದರಿಸಿದ, ಊಟದ ಹೊತ್ತಿನಲ್ಲಿ ಯಾರೋ ಹಾಡಿದರು, ಎಲ್ಲರೂ ನಕ್ಕರಂತೆ. ನಮಗೆ ಒಂದು ಮಾತೂ ಕೇಳಲಿಲ್ಲ. ಒಂಟಿ ಹಕ್ಕಿ ಹನ್ನೊಂದು ಮಳೆಗಾಲ ಯಾರೂ ಬಾರದೆ ಕರೆದ ಆ ನೆಲದಲ್ಲಿ, ಅಂದು ದಿನವಿಡೀ ನೂರಾರು ಎರೆಭೂತಗಳು ಒಂದನ್ನೊಂದು ಕರೆದವು, ಒಂದಕ್ಕೊಂದು ಉತ್ತರ ಕೊಟ್ಟವು. ಡಬ್ಬಿ ನಡುಗಿ ನಡುಗಿ ಗಿಡ್ಡ ಕಟ್ಟೆಯ ಅಂಚಿಗೆ ಸರಿಯಿತು. ನೀಲಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಸಂಜೆ ಐದೂವರೆಗೆ ಕೆಲಸಗಾರರು ಲಾರಿ ಹತ್ತಿ ಹೋದರು. ಆಮೇಲೆ ಒಂದೂ ಕೂಗಲಿಲ್ಲ.